ಗಿನಿಪಿಗ್ಗಿಗೊಂದು ಮನೆ

ಪಂಜರವೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಗಿಳಿ. ಗಿಳಿಯನ್ನು ತಂದು ಸಾಕುವವನಿಗೆ ಇದ್ದ ಚಿಂತೆ ಒಂದೇ, ಅದು ಹಾರಿಹೋಗಬಾರದು. ಹೀಗಾಗಿ ತಲೆತಲಾಂತರದಿಂದ ನಮ್ಮ ಪಂಜರಗಳೆಲ್ಲ ಒಳಗಿನ ಜೀವ ಹೊರಗೆ ಹೋಗದಂತೆ ತಡೆಯುವ ಉಪಾಯಗಳಾಗಿ ರೂಪುಗೊಂಡವು. ಸುತ್ತಲೂ ಕಂಬಿ, ಕೆಳಗೂ ಕಂಬಿ, ನೆತ್ತಿಯ ಮೇಲೆ ತೂಗುಹಾಕಲೊಂದು ಕೊಂಡಿ, ಬಾಗಿಲಿಗೊಂದು ಕೊಕ್ಕೆ; ಇಷ್ಟಾದರೆ ಪಂಜರ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನ್ವಯ ನಮ್ಮ ನಾಡಿನ ಗಿಳಿಯನ್ನು ಹಿಡಿದು ಹೀಗೆ ಕೂಡಿಹಾಕುವುದು ಈಗ ಅಪರಾಧ. ಗಿಳಿಗೇನೋ ಕಾನೂನಿನ ಆಸರೆ ದೊರೆಯಿತು. ಗಿಳಿಯ ಪಂಜರ ಮಾತ್ರ ಅಂಗಡಿಯಲ್ಲಿಯೇ ಉಳಿಯಿತು. ಆ ಖಾಲಿ ಪಂಜರಕ್ಕೆ ಈಚೆಗೆ ಬಂದು ಸೇರಿದ ಒಕ್ಕಲುಗಳಲ್ಲಿ ಗಿನಿಪಿಗ್ ಎಂಬ ಪುಟ್ಟ ಪ್ರಾಣಿಯೂ ಒಂದು.

ಈ ಪ್ರಾಣಿಯ ಹೆಸರಿನಲ್ಲಿ ಎರಡು ಮಾತುಗಳಿವೆ, ಎರಡೂ ಸುಳ್ಳು. ಇದು ಆಫ್ರಿಕದ ಗಿನಿ ದೇಶದ್ದಲ್ಲ, ಹಂದಿಯ ಜಾತಿಯದೂ ಅಲ್ಲ. ಇಲಿ ಅಳಿಲುಗಳಂತೆ ಕಡಿಯುವ ಹಲ್ಲಿನ ಬಳಗಕ್ಕೆ ಸೇರಿದ್ದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಆಹಾರಕ್ಕಾಗಿ ಮನೆಯಲ್ಲಿ ಸಾಕಿದರು. 16ನೆಯ ಶತಮಾನದಲ್ಲಿ ಸ್ಪೇನಿನವರ ಹಡಗುಗಳಲ್ಲಿ ಅದು ಯೂರೋಪಿಗೆ ಬಂತು. ಬೆಳೆದ ಪ್ರಾಣಿ ಗೇಣುದ್ದ ಮೀರುವುದು ಸ್ವಲ್ಪವೇ. ತೂಕ ಒಂದು ಕಿಲೋಗ್ರಾಮಿನ ಆಚೀಚೆ. ಬಾಲವಿಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಅದು ಬೆಕ್ಕಿನಂತೆ ನೆಗೆಯಲಾರದು, ಅಳಿಲಿನಂತೆ ಹತ್ತಲಾರದು. ಹೆದರಿಕೆಯಾದರೆ ಅದಕ್ಕೆ ತಿಳಿದಿರುವ ವಿದ್ಯೆ ಎರಡೇ: ಕಲ್ಲಿನಂತೆ ನಿಶ್ಚಲವಾಗಿ ಕೂರುವುದು, ಇಲ್ಲವೆ ಹತ್ತಿರದ ಮರೆಗೆ ಓಡುವುದು. ಕಚ್ಚಿ ಕಾದಾಡುವ ಸ್ವಭಾವ ಇಲ್ಲವೆಂದೇ ಹೇಳಬಹುದು. ಮಕ್ಕಳು ಅದನ್ನು ಒಲಿಯುವುದು ಈ ಸಾಧುತನಕ್ಕೇ.

ಈ ಸಾಧುತನವನ್ನು ಮನುಷ್ಯ ಬೇರೊಂದು ಬಗೆಯಲ್ಲಿಯೂ ಬಳಸಿಕೊಂಡಿದ್ದಾನೆ. ಪ್ರಯೋಗಕ್ಕೆ ಗುರಿಯಾದವನನ್ನು ‘ಗಿನಿಪಿಗ್’ ಎನ್ನುವ ವಾಡಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕ್ಷಯರೋಗದ ಕ್ರಿಮಿಯನ್ನು ರಾಬರ್ಟ್ ಕಾಖ್ ಅವರು 1882ರಲ್ಲಿ ಲೋಕಕ್ಕೆ ತೋರಿಸಿಕೊಟ್ಟಾಗ ಅದಕ್ಕೆ ಸಾಕ್ಷಿಯಾಗಿ ಸತ್ತವು ಗಿನಿಪಿಗ್ಗುಗಳು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿದ್ವಾಂಸರು ಬರಿಯ ಧಾನ್ಯವನ್ನೇ ಉಣಿಸಿದ ಗಿನಿಪಿಗ್ಗುಗಳಿಗೆ, ಹಿಂದೆ ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗ ಬರುವುದನ್ನು ಕಂಡರು. ಸಿ ಜೀವಸತ್ತ್ವದ ಕಥೆ ಮುಂದಕ್ಕೆ ಸಾಗಿದ್ದು ಅಲ್ಲಿಂದ. ಮನುಷ್ಯನಂತೆ ಈ ಪ್ರಾಣಿಯೂ ಆ ಸತ್ತ್ವವನ್ನು ತನ್ನ ಮೈಯಲ್ಲಿ ತಯಾರಿಸಿಕೊಳ್ಳಲಾರದು. ಇಷ್ಟು ಋಣವಿರುವ ಜೀವವನ್ನು ಮನೆಗೆ ತಂದಮೇಲೆ ಅದಕ್ಕೆ ಒಂದು ಸರಿಯಾದ ಸೂರು ಕಟ್ಟಿಕೊಡುವುದು ದೊಡ್ಡ ಉಪಕಾರವೇನೂ ಅಲ್ಲ.

ನಮ್ಮ ದಾವಣಗೆರೆಯಲ್ಲಿ ಮಕ್ಕಳಿರುವ ಮನೆಗಳಿಗೆ ಗಿನಿಪಿಗ್ ಬರತೊಡಗಿ ಕೆಲವು ವರ್ಷಗಳಾದವು. ನಮ್ಮ ಬೀದಿಯ ಒಂದು ಸಂಸಾರಕ್ಕೂ ಒಂದು ಜೊತೆ ಬಂತು. ಅಂಗಡಿಯವನು ಪ್ರಾಣಿಗಳೊಂದಿಗೆ ಪಂಜರವನ್ನೂ ಕೊಟ್ಟಿದ್ದನು. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ತಳವೆಲ್ಲ ತಂತಿ. ಹಿಕ್ಕೆ ಕೆಳಗಿನ ತಟ್ಟೆಗೆ ಬೀಳಲೆಂದು ಆ ಏರ್ಪಾಡು. ಗುಡಿಸುವವರಿಗೆ ಅದು ಸುಖ, ನಿಲ್ಲುವವರಿಗೆ? ಎರಡು ತಿಂಗಳು ಕಳೆಯುವುದರೊಳಗೆ ಒಂದರ ಹಿಂಗಾಲುಗಳ ಅಂಗಾಲು ಕೆಂಪಗೆ ಊದಿ, ಹುಣ್ಣಾಗಿ, ಅದು ಹುಲ್ಲಿನ ಕಡೆಗೂ ನಡೆಯದಾಯಿತು. ಪಶುವೈದ್ಯರು ನೋಡಿದೊಡನೆ ಕೇಳಿದ ಮೊದಲ ಪ್ರಶ್ನೆ ಪಂಜರದ ತಳ ಯಾವುದು ಎಂದು. ಗಿನಿಪಿಗ್ಗಿನ ಅಂಗಾಲಿನಲ್ಲಿ ರೋಮವಿಲ್ಲ, ಚರ್ಮ ತೆಳು. ಹಗಲಿರುಳೂ ತಂತಿಯ ಮೇಲೆ ನಿಂತರೆ ಅದು ಒಡೆಯುತ್ತದೆ, ಒಡೆದಲ್ಲಿ ಕೀವಾಗುತ್ತದೆ, ಕೀವು ಮೂಳೆಗೂ ಇಳಿಯುವುದುಂಟು. ಮುಲಾಮು ಹಚ್ಚಿ ಮತ್ತೆ ಅದೇ ತಂತಿಯ ಮೇಲೆ ಬಿಟ್ಟರೆ ಫಲವೇನು? ಕೈಯಲ್ಲಿ ಗರಗಸ ಹಿಡಿಯುವ ಅಭ್ಯಾಸ ನನಗೆ ಮೊದಲಿಂದ ಇದ್ದುದರಿಂದ ಹೊಸ ಮನೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಅಳತೆಯ ಮಾತು ಮೊದಲು. ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮಿನಲ್ಲಿ, ಉದ್ದ ಅಗಲ ಎತ್ತರಗಳಲ್ಲಿ ಪ್ರಾಣಿಯ ಓಡಾಟಕ್ಕೆ ಸಾಲದ ಪಂಜರದಲ್ಲಿ ಅದನ್ನು ಕೂಡಿಹಾಕುವುದು ಕ್ರೌರ್ಯವೆಂದು ಎಣಿಸಲಾಗಿದೆ. ಸಾಲುವುದೆಂದರೆ ಎಷ್ಟು? ಎರಡು ಗಿನಿಪಿಗ್ಗುಗಳಿಗೆ ಕನಿಷ್ಠ 7.5 ಚದರಡಿ ನೆಲ ಬೇಕೆಂದು ಬಲ್ಲವರು ಹೇಳುತ್ತಾರೆ. 10 ಚದರಡಿ ಇದ್ದರೆ ಲೇಸು. ನಾನು 4 ಅಡಿ ಉದ್ದ, ಎರಡೂವರೆ ಅಡಿ ಅಗಲ ಇಟ್ಟುಕೊಂಡೆ. ಎತ್ತರ ಒಂದೂವರೆ ಅಡಿ ಸಾಕು. ಅಂಗಡಿಯ ಪಂಜರಗಳು ಮಹಡಿಯ ಮೇಲೆ ಮಹಡಿ ಕಟ್ಟಿ ಜಾಗ ಉಳಿಸುತ್ತವೆ. ಹತ್ತಲಾರದ ಪ್ರಾಣಿಗೆ ಮಹಡಿಯಿಂದ ಆಗುವ ಲಾಭ ಬೀಳುವುದೊಂದೇ. ಅದಕ್ಕೆ ಬೇಕಾದುದು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಡುವಷ್ಟು ನೇರವಾದ ನೆಲ. ಸಂಜೆಯ ಹೊತ್ತು ಖುಷಿಯಾದಾಗ ಅದು ಇದ್ದಕ್ಕಿದ್ದಂತೆ ನೆಲದಿಂದ ಪುಟಿದು ಗಾಳಿಯಲ್ಲಿ ಮೈ ತಿರುಚಿ ಓಡುತ್ತದೆ. ಆ ಕುಣಿತವನ್ನು ಒಂದಡಿಯ ಪೆಟ್ಟಿಗೆಯಲ್ಲಿ ಯಾರೂ ಕಾಣಲಾರರು.

ಮರಕ್ಕೆ ಹಣ ಸುರಿಯಬೇಕಾಗಿಲ್ಲ. ಯಂತ್ರಗಳೂ ಹೆಂಚುಗಳೂ ಬರುವ ಒಡಕು ಪೆಟ್ಟಿಗೆಗಳು, ಸರಕು ಹೇರುವ ಹಲಗೆಯ ಅಟ್ಟೆಗಳು ಗುಜರಿಯಲ್ಲಿ ಅಗ್ಗವಾಗಿ ಸಿಗುತ್ತವೆ. ಆದರೆ ಕೊಳ್ಳುವಾಗ ಹಲಗೆಯ ಮೇಲಿನ ಮುದ್ರೆಯನ್ನು ಓದತಕ್ಕದ್ದು. ಹಡಗಿನಲ್ಲಿ ದೇಶದಿಂದ ದೇಶಕ್ಕೆ ಹೋಗುವ ಮರಕ್ಕೆ ಹುಳು ಹತ್ತದಂತೆ ಸಂಸ್ಕಾರ ಮಾಡಿರುತ್ತಾರೆ. ‘ಎಚ್‌ಟಿ’ ಎಂಬ ಅಕ್ಷರಗಳಿದ್ದರೆ ಕಾಯಿಸಿದ ಮರ, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟ ಮರ. ಹಲ್ಲು ಸದಾ ಬೆಳೆಯುತ್ತಲೇ ಇರುವ ಈ ಪ್ರಾಣಿ ಸಿಕ್ಕಿದ ಮರವನ್ನೆಲ್ಲ ಒಂದಿಷ್ಟು ಕೆರೆದು ನೋಡುವುದರಿಂದ ಎರಡನೆಯ ಬಗೆಯದು ಕೂಡದು. ಎಣ್ಣೆ ಚೆಲ್ಲಿದ್ದು, ಹಳೆಯ ಬಣ್ಣ ಬಳಿದದ್ದು ಸಹ ಬೇಡ. ಹಿಂದಿನ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಒಳಮೈಗೆ ಬಣ್ಣವನ್ನೇ ಹಚ್ಚದಿರುವುದು ಮೇಲು.

ತಳಕ್ಕೆ 12 ಮಿಲಿಮೀಟರಿನ ಪ್ಲೈವುಡ್ ಹಲಗೆ. ಅದರ ಮೇಲೆ ಸರಿಯಾಗಿ ಕೂರುವ, ನಾಲ್ಕು ಕಡೆಯೂ ನಾಲ್ಕು ಬೆರಳು ಅಂಚೆದ್ದ ಸತುವಿನ ತಗಡಿನ ತಟ್ಟೆ. ತಗಡು ಇಲ್ಲದಿದ್ದರೆ ಮೂತ್ರ ಮರಕ್ಕೆ ಇಳಿದು ಆರು ತಿಂಗಳಲ್ಲಿ ತಳವೇ ಕೊಳೆಯುತ್ತದೆ. ಅಂಚನ್ನು ಒಳಮುಖವಾಗಿ ಮಡಿಸಿ ಬಡಿದರೆ ಕಾಲು ಕುಯ್ಯುವ ಭಯವಿಲ್ಲ. ಹಿಂಬದಿಗೂ ಒಂದು ಪಕ್ಕಕ್ಕೂ ಹಲಗೆಯನ್ನೇ ಹಾಕಬೇಕು. ಬೆನ್ನಿಗೆ ಗೋಡೆಯಿದ್ದರೆ ಮಾತ್ರ ಈ ಜೀವ ನೆಮ್ಮದಿಯಾಗಿ ಕೂರುತ್ತದೆ. ಮುಂಬದಿಯಲ್ಲಿಯೂ ಕೆಳಗಿನ ಅರ್ಧ ಅಡಿ ಹಲಗೆ. ಜಾಲರಿ ಅದರ ಮೇಲಿನಿಂದ ಆರಂಭವಾಗಲಿ. ಬೆಕ್ಕು ಕೈ ಚಾಚುವುದು ನೆಲದ ಮಟ್ಟದಲ್ಲಿ ಎಂಬುದನ್ನು ಬೆಕ್ಕಿರುವ ಬೀದಿಯವರಿಗೆ ಹೇಳಬೇಕಾಗಿಲ್ಲ.

ಇನ್ನು ಜಾಲರಿ. ಕೋಳಿಗೂಡಿಗೆ ಬಳಸುವ ಆರು ಮೂಲೆಯ ತೆಳು ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ. ನಾಯಿಯ ಹಲ್ಲನ್ನು ತಡೆಯಲಾರದು. ಒಂದಂಗುಲದ ಕಣ್ಣಿನಲ್ಲಿ ಇಲಿ ನುಸುಳುತ್ತದೆ, ಹಾವು ನುಸುಳುತ್ತದೆ, ಗಿನಿಪಿಗ್ಗಿನ ಮರಿ ಹೊರಬೀಳುವುದೂ ಸಾಧ್ಯ. ಅರ್ಧ ಅಂಗುಲದ ಕಣ್ಣಿನ, ಬೆಸುಗೆ ಹಾಕಿದ ದಪ್ಪ ತಂತಿಯ ಜಾಲರಿಯೇ ತಕ್ಕುದು. ಅದನ್ನು ನಾನು ದಾವಣಗೆರೆಯಲ್ಲಿಯೇ ಕೊಂಡೆ. ಕಬ್ಬಿಣದ ಕಾಲುಗಳಿಗಾಗಿ ಮಾತ್ರ ಹರಿಹರಕ್ಕೆ ಹೋದೆ. ಸುಮಾರು 14 ಕಿಲೋಮೀಟರ್ ದೂರದ ಆ ಊರಿಗೆ ಲೋಹದ ಕೆಲಸದಲ್ಲಿ ಹಳೆಯ ಹೆಸರು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತಿತ್ತು. ಆ ಕಾರ್ಖಾನೆ ಮುಚ್ಚಿಹೋಯಿತು. ಅದು ಕಲಿಸಿದ ಕೈಗಳು ಊರಿನ ಚಿಕ್ಕಪುಟ್ಟ ಕಮ್ಮಟಗಳಲ್ಲಿ ಇಂದಿಗೂ ದುಡಿಯುತ್ತಿವೆ.

ಅಂಥ ಒಂದು ಕಮ್ಮಟದ ಹಿರಿಯ ಕುಶಲಿ ನನ್ನ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: “ಜಾಲರಿ ಚೌಕಟ್ಟಿನ ಒಳಮಗ್ಗುಲಿಗೋ, ಹೊರಮಗ್ಗುಲಿಗೋ?” ಕೇಳುವುದಕ್ಕೆ ಸಣ್ಣ ಪ್ರಶ್ನೆ, ಈ ಕೆಲಸದ ಮರ್ಮವೆಲ್ಲ ಅದರಲ್ಲಿದೆ. ಒಳಗಿನ ಪ್ರಾಣಿ ತಳ್ಳುವುದಾದರೆ ಜಾಲರಿ ಒಳಗಿರಬೇಕು. ಆಗ ತಳ್ಳಿದಷ್ಟೂ ಅದು ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ಹೊರಗಿನಿಂದ ತಳ್ಳುವವರಿದ್ದರೆ ಜಾಲರಿ ಹೊರಗಿರಬೇಕು. ಗಿನಿಪಿಗ್ ತಳ್ಳುವ ಪ್ರಾಣಿಯಲ್ಲ. ರಾತ್ರಿ ತಳ್ಳುವುದು ಬೀದಿನಾಯಿ, ಕಾಡುವುದು ಬೆಕ್ಕು, ಕೊರೆಯುವುದು ಹೆಗ್ಗಣ. ಹೊರಮಗ್ಗುಲಿಗೇ ಎಂದೆ. ಅವರು ತಲೆಯಾಡಿಸಿ, ಬರಿಯ ಮೊಳೆ ಸಾಲದು, ಜಾಲರಿಯ ಅಂಚಿನ ಮೇಲೆ ಒಂದು ಪಟ್ಟಿ ಇಟ್ಟು ಅಂಗೈ ಅಗಲಕ್ಕೊಂದರಂತೆ ತಿರುಪು ಬಿಗಿಯಿರಿ ಎಂದರು. ಹಾಗೆ ಮಾಡಿದ್ದರಿಂದ ಕತ್ತರಿಸಿದ ತಂತಿಯ ಮೊನೆಗಳೂ ಪಟ್ಟಿಯ ಕೆಳಗೆ ಅಡಗಿ, ಒಳಗಿನ ಕಣ್ಣಿಗೂ ಕೈಗೂ ತಗಲದಂತಾದುವು.

ಮುಚ್ಚಳವೂ ಜಾಲರಿಯದೇ, ಹಿಂಬದಿಗೆ ಎರಡು ಕೀಲು. ಬೀಗದ ವಿಷಯದಲ್ಲಿ ಒಂದು ಕೊಕ್ಕೆಯನ್ನು ನಂಬಬಾರದು; ಕೋತಿಯೂ ಅದನ್ನು ತೆಗೆಯಬಲ್ಲದು, ಕುತೂಹಲವುಳ್ಳ ಮಗುವೂ ತೆಗೆಯಬಲ್ಲದು. ಅಡ್ಡಲಾಗಿ ಸರಿಯುವ ಎರಡು ಚಿಲಕಗಳು, ಎರಡು ಮೂಲೆಗೆ ಒಂದೊಂದು, ಇರಲಿ. ಕಾಲುಗಳು ಎರಡಡಿ ಎತ್ತರ. ಇದರಿಂದ ಹೆಗ್ಗಣಕ್ಕೆ ತಳ ಸಿಗದು, ಮಳೆಗಾಲದ ಶೀತ ಏರದು, ಗುಡಿಸುವವರಿಗೆ ಸೊಂಟವೂ ಉಳಿಯುತ್ತದೆ. ಇರುವೆಯ ಕಾಟಕ್ಕೆ ನಮ್ಮ ಅಜ್ಜಿಯರ ಉಪಾಯವೇ ಸಾಕು. ಹಾಲು ಬೆಣ್ಣೆಯಿಡುವ ಜಾಲರಿ ಬೀರುವಿನ ಕಾಲುಗಳನ್ನು ಅವರು ನೀರಿನ ಬಟ್ಟಲಿನಲ್ಲಿ ಇಡುತ್ತಿದ್ದರಷ್ಟೆ, ಇಲ್ಲಿಯೂ ಹಾಗೆಯೇ. ಎರಡು ದಿನಕ್ಕೊಮ್ಮೆ ಬಟ್ಟಲನ್ನು ತಿಕ್ಕಿ ತೊಳೆದು ನೀರು ಬದಲಿಸದಿದ್ದರೆ ಮಾತ್ರ ಇರುವೆಯನ್ನು ಕಳೆದು ಸೊಳ್ಳೆಯನ್ನು ಸಾಕಿದಂತಾದೀತು.

ನಾಯಿ ಬೆಕ್ಕುಗಳಿಗಿಂತ ದೊಡ್ಡ ವೈರಿಯೊಂದಿದೆ. ಅದನ್ನು ಯಾವ ಜಾಲರಿಯೂ ತಡೆಯದು. ಆಂಡೀಸಿನ ತಂಪಿನಲ್ಲಿ ಬಾಳಿದ ಕುಲದ ಪ್ರಾಣಿ ಇದು. 18ರಿಂದ 24 ಡಿಗ್ರಿಯ ಹವೆ ಅದಕ್ಕೆ ಹಿತ. 30 ಮೀರಿತೆಂದರೆ ಅಪಾಯ. ಮೈ ತುಂಬ ರೋಮ, ಬೆವರುವ ಅನುಕೂಲವಿಲ್ಲ. ನಮ್ಮ ದಾವಣಗೆರೆಯ ಏಪ್ರಿಲ್ ತಿಂಗಳ ಮಧ್ಯಾಹ್ನ 38 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ನನಗೆ ತಿಳಿದ ಇನ್ನೊಂದು ಮನೆಯಲ್ಲಿ, ವಾಸನೆ ಬೇಡವೆಂದು ಪಂಜರವನ್ನು ತಾರಸಿಯ ತಗಡಿನ ಕೊಠಡಿಗೆ ಸಾಗಿಸಿದ್ದರು. ಬೆಳಿಗ್ಗೆ ಸೊಪ್ಪು ತಿಂದು ಕೂಗಿದ ಎರಡು ಜೀವಗಳು ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಇರಲಿಲ್ಲ. ಕೂಗಿಕೊಂಡಿದ್ದರೆ ಯಾರಿಗಾದರೂ ಕೇಳಿಸುತ್ತಿತ್ತೇನೋ. ಬೇಟೆಗೆ ಬಲಿಯಾಗುವ ಪ್ರಾಣಿಗಳ ರೀತಿಯೇ ಬೇರೆ. ಅವು ತಮ್ಮ ಸಂಕಟವನ್ನು ಕೊನೆಯವರೆಗೂ ಮುಚ್ಚಿಡುತ್ತವೆ.

ಆದ್ದರಿಂದ ಪಂಜರವಿಡುವ ಜಾಗ ಪಂಜರಕ್ಕಿಂತ ಮುಖ್ಯ. ತಗಡಿನ ಸೂರಿನ ಕೆಳಗೆ ಸರ್ವಥಾ ಕೂಡದು. ಪಡುವಣ ಬಿಸಿಲು ಬೀಳುವ ಗೋಡೆಯೂ ಬೇಡ. ಕೆಳಗಿನ ಅಂತಸ್ತಿನಲ್ಲಿ, ಮನೆಯವರು ಓಡಾಡುವ ಪಡಸಾಲೆಯ ನೆರಳಿನ ಮೂಲೆ ಉತ್ತಮ. ಬೇಸಗೆಯಲ್ಲಿ ಗಾಳಿ ಬರುವ ಒಂದು ಮಗ್ಗುಲಿಗೆ ಮಾತ್ರ ಒದ್ದೆ ಗೋಣಿಯನ್ನು ತೂಗಬಹುದು. ನಾಲ್ಕೂ ಕಡೆ ಮುಚ್ಚಿದರೆ ಒಳಗೆ ಹಬೆಯಾಗುತ್ತದೆ. ನೀರಿನಲ್ಲಿ ನೆನೆಸಿ ಒರೆಸಿದ ಒಂದು ಹೆಂಚನ್ನು ನೆಲಕ್ಕಿಟ್ಟರೆ ಅವು ತಾವಾಗಿಯೇ ಅದರ ಮೇಲೆ ಹೊಟ್ಟೆ ಚೆಲ್ಲಿ ಮಲಗುತ್ತವೆ. ಪ್ರಾಣಿ ಕಾಲು ಚಾಚಿ ಬಿದ್ದು, ಏದುತ್ತ, ಬಾಯಲ್ಲಿ ಜೊಲ್ಲು ಸುರಿಸುತ್ತಿದ್ದರೆ ಅದು ಬಿಸಿಲಿನ ಹೊಡೆತವೆಂದು ತಿಳಿಯಬೇಕು. ತಂಪಿಗೆ ಒಯ್ದು, ಕಿವಿಗೂ ಪಾದಗಳಿಗೂ ತಣ್ಣೀರು ಸವರಿ, ಕೂಡಲೆ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಮಂಜಿನ ನೀರಿನಲ್ಲಿ ಅದ್ದುವುದು ತರವಲ್ಲ.

ಹಾಸಿಗೆಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಕೊರತೆಯಿಲ್ಲ, ಆದರೆ ವಿವೇಚನೆ ಬೇಕು. ಭದ್ರಾ ನಾಲೆಯ ಭತ್ತದಿಂದಾಗಿ ಅಕ್ಕಿ ಗಿರಣಿಗಳಲ್ಲಿ ಹೊಟ್ಟು ರಾಶಿ ಬಿದ್ದಿರುತ್ತದೆ. ಅದು ಧೂಳು, ಮೊನೆ ಚೂಪು, ಕಣ್ಣಿಗೂ ಶ್ವಾಸಕ್ಕೂ ಕೆಡುಕು. ಮರಗೊಯ್ಯುವ ಗಿರಣಿಯ ನುಣುಪಾದ ಹೊಟ್ಟೂ ಹಾಗೆಯೇ. ಘಾಟಿನ ಮರದ್ದಾದರಂತೂ ಬೇಡವೇ ಬೇಡ. ತಟ್ಟೆಯ ಮೇಲೆ ಐದಾರು ಪದರ ವೃತ್ತಪತ್ರಿಕೆ, ಅದರ ಮೇಲೆ ಎರಡಂಗುಲ ಮೆತ್ತನೆಯ ಒಣಹುಲ್ಲು, ಇದು ಸುಲಭ. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರಿನಲ್ಲಿ ಹಳೆಯ ಕೌದಿಯ ತುಂಡಿಗೆ ಬರವೇ? ಅದನ್ನೂ ಹಾಸಬಹುದು, ಆದರೆ ದಿನವೂ ಬದಲಿಸಬೇಕು. ಅಂಚಿನ ದಾರ ಬಿಚ್ಚಿದ್ದರೆ ಅದು ಪುಟ್ಟ ಬೆರಳಿಗೆ ಸುತ್ತಿಕೊಂಡು ರಕ್ತವನ್ನೇ ತಡೆದೀತು.

ಒಳಗೆ ಇಡಬೇಕಾದ ಸಾಮಾನು ಅಲ್ಪ. ಬಾಯಿ ಒಡೆದ ಮಡಕೆಯನ್ನು ಅಂಚು ಉಜ್ಜಿ ಮಗ್ಗುಲಾಗಿ ಮಲಗಿಸಿದರೆ ಅಡಗುವ ಗುಹೆಯೂ ಆಯಿತು, ತಂಪೂ ಆಯಿತು. ಪ್ರತಿಯೊಂದು ಪ್ರಾಣಿಗೂ ಒಂದೊಂದು ಬೇಕು, ಇಲ್ಲವಾದರೆ ಜಗಳ. ಹುಲ್ಲು ಹೊತ್ತುಹೊತ್ತಿಗೂ ಇರಲೇಬೇಕು. ಅದನ್ನು ತುಳಿದು ಕೊಳಕು ಮಾಡದಂತೆ ಪಕ್ಕದ ಜಾಲರಿಗೆ ಒಂದು ಗೂಡೆ. ನೀರು ಸದಾ ಇರಲಿ. ಇಲಿಗಳಿಗೆಂದು ಮಾರುವ ತಿರುಗುಚಕ್ರ ಇವಕ್ಕೆ ಬೆನ್ನುಮೂಳೆಯ ಕಂಟಕ. ನಮ್ಮ ಜಿಲ್ಲೆಯ ಮೆಕ್ಕೆಜೋಳದ ಹಸಿ ಗರಿಯನ್ನು ಇವು ಪ್ರೀತಿಯಿಂದ ತಿನ್ನುತ್ತವೆ, ಕಾಳು ಹಾಕಬಾರದು. ಸಿ ಜೀವಸತ್ತ್ವಕ್ಕಾಗಿ ದಿನವೂ ಕೊತ್ತಂಬರಿ ಸೊಪ್ಪು, ದೊಣ್ಣೆಮೆಣಸಿನಕಾಯಿ, ಸಣ್ಣದೊಂದು ಹೋಳು ಸೀಬೆಹಣ್ಣು ಕೊಟ್ಟರೆ ಆಯಿತು.

ಒಂಟಿಯಾಗಿ ಸಾಕಬಾರದೆಂಬ ಮಾತನ್ನೂ ಹೇಳಿಬಿಡಬೇಕು. ಹರಿಹರಕ್ಕೆ ಹೋದ ದಿನ ತುಂಗಭದ್ರೆಯ ದಡದ ಹರಿಹರೇಶ್ವರ ದೇಗುಲಕ್ಕೂ ಹೋಗಿದ್ದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ಒಕ್ಕಲಾಗಿದ್ದಾರೆ. ದೇವರಿಗೇ ಜೊತೆ ಬೇಕಾದಲ್ಲಿ ಹಿಂಡಿನ ಪ್ರಾಣಿಗೆ ಬೇಡವೇ? ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿಪಿಗ್ಗನ್ನು ಒಂಟಿಯಾಗಿಡುವುದು ಕಾನೂನಿಗೇ ವಿರುದ್ಧ. ಆದರೆ ಜೊತೆಯೆಂದರೆ ಗಂಡುಹೆಣ್ಣಿನ ಜೊತೆಯೇ ಆಗಬೇಕೆಂದಿಲ್ಲ. ಎರಡು ಹೆಣ್ಣುಗಳು ಸುಖವಾಗಿ ಬಾಳುತ್ತವೆ. ಹೆಣ್ಣು ತಿಂಗಳ ಮರಿಯಾಗಿರುವಾಗಲೇ ಗರ್ಭ ಧರಿಸಬಲ್ಲದು. ಎರಡು ತಿಂಗಳ ಆಸುಪಾಸಿನಲ್ಲಿ ಈಯುತ್ತದೆ, ಈದ ದಿನವೇ ಮತ್ತೆ ಗಬ್ಬವಾಗಬಲ್ಲದು. ಗಂಡುಹೆಣ್ಣನ್ನು ಕೂಡಿಸಿದವರ 10 ಚದರಡಿ ಒಂದು ವರ್ಷ ಕಳೆಯುವುದರೊಳಗೆ ಸಂತೆಯಾಗುತ್ತದೆ; ಆಗ ಮರಿಗಳನ್ನು ಹೊಳೆಯ ದಡಕ್ಕೆ ಬಿಟ್ಟುಬರುವ ಯೋಚನೆ ಹುಟ್ಟುತ್ತದೆ. ಸಾವಿರಾರು ವರ್ಷ ಮನೆಯಲ್ಲೇ ಬೆಳೆದ ಕುಲಕ್ಕೆ ಹೊಳೆಯ ದಡ ಬಿಡುಗಡೆಯಲ್ಲ, ಮರಣ. ಮೊಲವನ್ನು ಜೊತೆಗಿಡುವುದೂ ಸಲ್ಲದು; ಅದರ ಒದೆತ ಬಲವಾದುದು, ಮೊಲಕ್ಕೆ ಬಾಧಿಸದ ಶ್ವಾಸರೋಗದ ಕ್ರಿಮಿ ಗಿನಿಪಿಗ್ಗಿಗೆ ಮಾರಕವಾಗಬಹುದು.

ಪ್ಲೈವುಡ್, ಜಾಲರಿ, ತಗಡು, ಕೀಲು, ಚಿಲಕ, ಹರಿಹರದ ಕಾಲುಗಳು, ಎಲ್ಲ ಸೇರಿ ನನಗೆ ತಗಲಿದ ಖರ್ಚು ಮೂರು ಸಾವಿರ ರೂಪಾಯಿಯ ಒಳಗೆ. ಎರಡು ಭಾನುವಾರಗಳ ದುಡಿಮೆ. ಹುಣ್ಣಾದ ಪ್ರಾಣಿ ಮೆತ್ತನೆಯ ಹಾಸಿಗೆ ಕಂಡ ಮೇಲೆ, ವೈದ್ಯರ ಮದ್ದೂ ಸೇರಿ, ಆರು ವಾರಗಳಲ್ಲಿ ಸರಿಯಾಗಿ ನಡೆಯತೊಡಗಿತು. ಒಂದು ಕಾಲು ಇನ್ನೂ ಸ್ವಲ್ಪ ಕುಂಟು. ಅದು ಹಾಗೆಯೇ ಉಳಿಯುವುದೆಂದು ತೋರುತ್ತದೆ.

ಗಿನಿಪಿಗ್ 5ರಿಂದ 8 ವರ್ಷ ಬಾಳುವ ಪ್ರಾಣಿ. ಮೂರನೆಯ ತರಗತಿಯ ಹುಡುಗಿಗೆ ತಂದುಕೊಟ್ಟದ್ದು ಅವಳು ಹತ್ತನೆಯ ತರಗತಿಯ ಪರೀಕ್ಷೆಗೆ ಓದುವಾಗಲೂ ಮೂಲೆಯಲ್ಲಿ ಹುಲ್ಲು ಮೆಲ್ಲುತ್ತಿರಬಹುದು. ಅಷ್ಟು ಕಾಲದ ನಂಟಿಗೆ ಮನೆಯ ಹಿರಿಯರು ಸಿದ್ಧರಿದ್ದಾರೆಯೇ ಎಂಬುದನ್ನು ಪ್ರಾಣಿ ಕೊಳ್ಳುವ ಮೊದಲೇ ಯೋಚಿಸತಕ್ಕದ್ದು. ಸಿದ್ಧರಿದ್ದಲ್ಲಿ ನನ್ನದೊಂದು ವಿನಂತಿ: ಮೊದಲು ಮನೆ ಕಟ್ಟಿರಿ, ಅದರೊಳಗೆ ಕೈಯಿಟ್ಟು ತಳವನ್ನು ಸವರಿ ನೋಡಿರಿ, ಏಪ್ರಿಲ್ ತಿಂಗಳ ನಡುಹಗಲಲ್ಲಿ ಅದರ ಪಕ್ಕ ಒಂದು ಗಂಟೆ ಕುಳಿತು ನೋಡಿರಿ. ನಿಮಗೆ ಕೂರಲು ಆಗುವುದಾದರೆ ಪ್ರಾಣಿಯನ್ನು ತನ್ನಿರಿ.